ಗೇಟಿಗೊಂದು ಹೆಸರು

ಕಂತು ಹನ್ನೊಂದು

“ಟೋನಿ ಅನ್ನೋ ಹೆಸರು ಇಟ್ಟವನು ನಾನೇ ಕಣಮ್ಮ,” ಅಂದರು ಜಯಸಿಂಹ ಮೇಷ್ಟ್ರು. ಅಂದು, ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸತೊಡಗಿದರು.

ಅವರ ಫ್ಲ್ಯಾಟಿನ ಹಾಲಿನಲ್ಲಿ ಕೂತಿದ್ದ ಚೂಡಾಮಣಿ ಕಾಫಿ ಲೋಟ ಕೆಳಗಿಟ್ಟಳು. ಮೂವತ್ತೊಂದು ವರ್ಷ ಪೊಲೀಸ್ ಇಲಾಖೆಯಲ್ಲಿ ಕಾಣೆಯಾದವರ ಕಡತ ನೋಡಿ, ಎ.ಎಸ್.ಐ. ಆಗಿ ರಿಟೈರಾಗಿ, ಈಗ ಜಯನಗರ ನಾಲ್ಕನೇ ಬ್ಲಾಕಿನ ಬಳೆ ಅಂಗಡಿಯ ಮೇಲಿನ ರೂಮಿನಲ್ಲಿ ಅದೇ ಕೆಲಸ ಮುಂದುವರಿಸಿದ್ದ ಹೆಂಗಸು. ಯಾರಾದರೂ ತಪ್ಪೊಪ್ಪಿಕೊಳ್ಳೋಕೆ ಹೊರಟಾಗ ಮಧ್ಯೆ ಬಾಯಿ ಹಾಕಬಾರದು ಅಂತ ಅವಳಿಗೆ ಚೆನ್ನಾಗಿ ಗೊತ್ತು. ಆದರೆ ಇವತ್ತು ಟೈಮಿರಲಿಲ್ಲ. ಆಗಲೇ ಹತ್ತೂವರೆ. ಎರಡು ಗಂಟೆಗೆ ಹೆಣ ಕೊಟ್ಟುಬಿಡುತ್ತಾರೆ.

ಮೂರು ದಿನದ ಹಿಂದೆ ಹುಳಿಮಾವು ಕೆರೆಯಲ್ಲಿ ತೇಲಿದ ಹೆಣ ಅದು. ಸೆಕ್ಯೂರಿಟಿ ಯೂನಿಫಾರ್ಮು, ಎದೆಯ ಮೇಲೆ ‘ಟೋನಿ’ ಅಂತ ಬ್ಯಾಡ್ಜು, ತಲೆಯ ಹಿಂದೊಂದು ಪೆಟ್ಟು. ಮುಖ ಮಾತ್ರ ಹೆತ್ತವರೂ ಗುರುತು ಹಿಡಿಯುವ ಸ್ಥಿತಿಯಲ್ಲಿರಲಿಲ್ಲ. ಏಜೆನ್ಸಿಯ ಫೈಲಿನಲ್ಲಿ ಟೋನಿ ಅಂದರೆ ಸುರಪುರದ ಕಡೆಯ ಬಸವಂತ. ಅವನ ತಾಯಿ ಶರಣಮ್ಮ ಬಂದು, ಇವನು ನನ್ನ ಮಗನೇ ಅಂತ ಹೇಳಿಯೂ ಆಗಿತ್ತು.

ಆದರೆ ಕೆಳಗೆ, ಇದೇ ಅಪಾರ್ಟ್‌ಮೆಂಟಿನ ಗೇಟಿನ ಪಕ್ಕದ ಸಿಮೆಂಟು ಕಟ್ಟೆಯ ಮೇಲೆ ಲಕ್ಕವ್ವ ಕೂತಿದ್ದಳು. ಹನ್ನೆರಡು ದಿನದಿಂದ ಬಿ.ಟಿ.ಎಂ.ನ ಬಾಡಿಗೆ ಮನೆಗೆ ಬಾರದ ತನ್ನ ಗಂಡ ಮೌನೇಶನೇ ಆ ಟೋನಿ ಅನ್ನುವುದು ಅವಳ ಮಾತು. ಮಾತು ಬಿಟ್ಟರೆ ಅವಳ ಕೈಯಲ್ಲಿ ಬೇರೇನೂ ಇರಲಿಲ್ಲ. ಮೌನೇಶ ಅನ್ನೋನು ನಮ್ಮಲ್ಲಿ ಕೆಲಸಕ್ಕೇ ಇರಲಿಲ್ಲ ಅಂತ ಏಜೆನ್ಸಿಯ ಸೂಪರ್‌ವೈಸರ್ ಸೀನು ಕೈ ತೊಳೆದುಕೊಂಡಿದ್ದ. ಈ ಜೆ.ಪಿ. ನಗರದ ಕಟ್ಟಡದ ನಲವತ್ತೆಂಟು ಮನೆಯವರನ್ನು ಕೇಳಿದರೆ, ಹೌದು ಟೋನಿ, ಒಳ್ಳೆಯವನು, ನಗುಮುಖ, ಅಂದರೇ ಹೊರತು ಒಬ್ಬರಿಗೂ ಅವನ ಹೆಸರು ಗೊತ್ತಿರಲಿಲ್ಲ.

ಗೊತ್ತಿದ್ದ ಒಬ್ಬರೇ ಒಬ್ಬರು ಈ ಮೇಷ್ಟ್ರು. ಅವರೋ ಮೈಸೂರಿನ ಮಗಳ ಮನೆಯಿಂದ ನಿನ್ನೆ ತಾನೇ ವಾಪಸ್ಸಾಗಿದ್ದರು.

“ಟೋನಿ ಅಂತ ಯಾಕಿಟ್ರಿ ಸಾರ್?” ಅಂತ ಕೇಳಿದಳು.

ಮೇಷ್ಟ್ರು ಎದ್ದು ಕಪಾಟಿನಿಂದ ಒಂದು ಕಟ್ಟು ತಂದರು. ಹದಿನಾಲ್ಕು ವರ್ಷದಿಂದ ಅವರು ರೋಮಿನ ಸಿಪಾಯಿಗಳ ಹೆಸರುಗಳ ಮೇಲೆ ಒಂದು ಪುಸ್ತಕ ಬರೆಯುತ್ತಿದ್ದರು. ಯಾರೂ ಕೇಳಿರದ ಪುಸ್ತಕ, ಬರೆದರೂ ಯಾರು ಓದುತ್ತಾರೋ. ಬೇರೆ ದಿನವಾಗಿದ್ದರೆ ಚೂಡಾಮಣಿ ಗಡಿಯಾರ ನೋಡಿ ಎದ್ದುಬಿಡುತ್ತಿದ್ದಳು.

ಸಾವಿರದ ಎಂಟುನೂರು ವರ್ಷದ ಹಿಂದಿನ ಮಾತಂತೆ. ಈಜಿಪ್ಟಿನ ಅಪಿಯಾನ್ ಅನ್ನೋ ಯುವಕ ರೋಮಿನ ನೌಕಾಪಡೆ ಸೇರಿ, ಹಡಗು ಹತ್ತಿ ಇಟಲಿಗೆ ಬಂದಿಳಿದು ಅಪ್ಪನಿಗೆ ಕಾಗದ ಬರೆದ. ಸಮುದ್ರದಲ್ಲಿ ಅಪಾಯವಾಗಿತ್ತು, ದೇವರು ಕಾಪಾಡಿದ. ನನ್ನದೊಂದು ಚಿತ್ರ ಬರೆಸಿ ಕಳಿಸಿದ್ದೀನಿ. ಇನ್ನು ಮುಂದೆ ನನ್ನ ಹೆಸರು ಆಂಟೋನಿಯಸ್ ಮ್ಯಾಕ್ಸಿಮಸ್. ಪಡೆಯ ಪಟ್ಟಿಯಲ್ಲಿ ಊರ ಕಡೆಯ ಹೆಸರು ನಡೆಯುತ್ತಿರಲಿಲ್ಲ, ಬಾಯಿಗೆ ಸಲೀಸಾದ ರೋಮನ್ ಹೆಸರು ಕೊಟ್ಟುಬಿಡೋರು. ವರ್ಷಗಳಾದ ಮೇಲೆ ಅವನೇ ತಂಗಿಗೆ ಬರೆದ ಇನ್ನೊಂದು ಕಾಗದವೂ ಸಿಕ್ಕಿದೆ. ಅದರಲ್ಲಿ ಅಪಿಯಾನ್ ಅನ್ನೋ ಹೆಸರೇ ಇಲ್ಲ. ತನ್ನ ಮಗನಿಗೂ ಮ್ಯಾಕ್ಸಿಮಸ್ ಅಂತಲೇ ಇಟ್ಟಿದ್ದ.

“ಆರು ವರ್ಷದ ಹಿಂದೆ ನಾನು ಇಲ್ಲಿಯ ಅಸೋಸಿಯೇಷನ್ ಸೆಕ್ರೆಟರಿ,” ಅಂದರು ಮೇಷ್ಟ್ರು. “ಗೇಟಲ್ಲಿ ತಿಂಗಳಿಗೊಬ್ಬ ಬರೋನು. ಎಲ್ಲರೂ ಏಯ್, ಸೆಕ್ಯೂರಿಟಿ ಅಂತ ಕೂಗೋರು. ಏಯ್ ಅನ್ನಿಸಿಕೊಳ್ಳೋದಕ್ಕಿಂತ ಒಂದು ಹೆಸರಿದ್ರೆ ಮರ್ಯಾದೆ ಅಂದ್ಕೊಂಡೆ. ಮನುಷ್ಯ ಯಾರೇ ಬರಲಿ, ಗೇಟಿಗೊಂದು ಹೆಸರಿರಲಿ, ಆಂಟೋನಿಯಸ್ ಅಂತ ಕರೆಯೋಣ ಅಂದೆ. ಮೀಟಿಂಗಲ್ಲಿ ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದ್ರು. ವಾರದಲ್ಲಿ ಅದು ಟೋನಿ ಆಯ್ತು.”

ಏಜೆನ್ಸಿಗೂ ಅದು ಸಖತ್ ಅನುಕೂಲವಾಯಿತು. ಮೊದಲ ಟೋನಿ ಬಸವಂತ. ಅವನ ಆಧಾರ್, ಪೊಲೀಸ್ ವೆರಿಫಿಕೇಶನ್ ಎಲ್ಲ ಟೋನಿ ಅನ್ನೋ ಫೈಲಿಗೆ ಸೇರಿತು. ಎರಡು ವರ್ಷ ಕೆಲಸ ಮಾಡಿ ಅವನು ಒಂದು ದಿನ ಹೇಳದೆ ಕೇಳದೆ ಹೊರಟುಹೋದ. ಮೂರನೇ ದಿನ ಮೌನೇಶ ಬಂದು ಅದೇ ಬ್ಯಾಡ್ಜು ಚುಚ್ಚಿಕೊಂಡು ನಿಂತ. ಫೈಲು ಇದೆಯಲ್ಲ, ಟೋನಿಯೂ ಇದ್ದಾನಲ್ಲ, ಮತ್ತೆ ಕಾಗದ ಪತ್ರ ಯಾಕೆ ಅಂತ ಏಜೆನ್ಸಿಯವರು ಸುಮ್ಮನಾದರು. ನಾಲ್ಕು ವರ್ಷ ಬಿಸಿಲಲ್ಲಿ, ಮಳೆಯಲ್ಲಿ ನಿಂತವನು ಕಾಗದದಲ್ಲಿ ಹುಟ್ಟಲೇ ಇಲ್ಲ.

“ಅವನಿಗೆ ಈ ಕಾಗದದ ಕಥೆ ಹೇಳಿದ್ದೆ. ಬಾಗಿಲಲ್ಲಿ ನಿಂತ್ಕೊಂಡು ಕೇಳಿದ. ಕೇಳಿ ಒಂದೇ ಮಾತಂದ. ಹೆಸರು ಬದಲಾದ ಮ್ಯಾಲ ಸತ್ರ, ಯಾವ ಹೆಸರಿಗಿ ಅಳತಾರ್ರಿ ಸರ, ಅಂತ.” ಮೇಷ್ಟ್ರ ದನಿ ಅಲ್ಲಿಗೆ ನಿಂತಿತು. ಎಪ್ಪತ್ತಾರು ವರ್ಷದ ಮನುಷ್ಯ ಅಳೋದನ್ನು ನೋಡಲಾರದೆ ಚೂಡಾಮಣಿ ಕಿಟಕಿಯ ಕಡೆ ತಿರುಗಿದಳು. ಕೆಳಗೆ ಲಕ್ಕವ್ವ ಇನ್ನೂ ಕಟ್ಟೆಯ ತುದಿಯಲ್ಲೇ ಕೂತಿದ್ದಳು. ಗೇಟಿನಲ್ಲಿ ಹೊಸಬನೊಬ್ಬ ನಿಂತಿದ್ದ.

“ನೀವೇನು ಹೇಳಿದ್ರಿ ಅವನಿಗೆ?”

ಏನೋ ಸಮಾಧಾನಕ್ಕೆ ಹೇಳಿದ್ದರು ಮೇಷ್ಟ್ರು. ಆ ಸಿಪಾಯಿಗಳು ತಮ್ಮ ಕಬ್ಬಿಣದ ಟೊಪ್ಪಿಗೆಯ ಮೇಲೆ ಮೊಳೆಯಿಂದ ಹೆಸರು ಕೆರೆದುಕೊಳ್ಳುತ್ತಿದ್ದರು. ಒಬ್ಬ ಸತ್ತರೆ ಟೊಪ್ಪಿಗೆ ಇನ್ನೊಬ್ಬನಿಗೆ ಹೋಗೋದು, ಅವನೂ ತನ್ನ ಹೆಸರು ಕೆರೆಯೋನು. ಒಂದೇ ಟೊಪ್ಪಿಗೆಯ ಮೇಲೆ ಮೂರು ನಾಲ್ಕು ಹೆಸರು ಸಿಕ್ಕಿವೆ. ಅದನ್ನು ಕೇಳಿಸಿಕೊಂಡ ಮಾರನೇ ದಿನ ಮೌನೇಶ ಬಂದು, ನಿಮ್ಮ ಮೊಮ್ಮಗಳ ಜಾಮಿಟ್ರಿ ಬಾಕ್ಸಿನ ಕೈವಾರ ಬೇಕಿತ್ತು ಅಂತ ಕೇಳಿ ಒಯ್ದು, ಸಂಜೆ ವಾಪಸ್ ಕೊಟ್ಟಿದ್ದ.

ಚೂಡಾಮಣಿ ತಿರುಗಿ ನಿಂತಳು. ಸೆಕ್ಯೂರಿಟಿಯವನ ಟೋಪಿ ಬಟ್ಟೆಯದು, ಅದರ ಮೇಲೆ ಕೆರೆಯೋಕಾಗಲ್ಲ. ಹಾಗಾದರೆ ಎಲ್ಲಿ ಕೆರೆದ?

ಹೊರಡೋ ಮುಂಚೆ ಮೇಷ್ಟ್ರು ಗೇಟಿನ ರೂಮಿನಿಂದ ತಂದಿಟ್ಟುಕೊಂಡಿದ್ದ ರಿಜಿಸ್ಟರ್ ಕೊಟ್ಟರು. ಮುಂದಿನ ಹಾಳೆಗಳಲ್ಲಿ ಬಂದು ಹೋದವರ ಹೆಸರು. ಹಿಂದಿನ ಹಾಳೆಗಳಲ್ಲಿ ಮೌನೇಶ ಆಗಾಗ ಒಂದೊಂದು ಸಾಲು ಬರೆದುಕೊಂಡಿದ್ದ. ಕೊನೆಯದು ಅವನು ಕಾಣೆಯಾಗೋದಕ್ಕೆ ಎರಡು ದಿನ ಮುಂಚಿನದು: ‘ಇನ್ನೊಂದು ತಾ ಮತ್ತ ಬಂದಿದ್ದ. ಬಸವಂತ ಎಲ್ಲಿ ಅದಾನ ಅಂತ ಕೇಳಿದ. ಗೊತ್ತಿಲ್ಲ ಅಂದೆ.’

“ಇನ್ನೊಂದು ತಾ ಅಂದ್ರೆ?”

“ಅದೂ ನನ್ನ ಪಾಠವೇ,” ಅಂದರು ಮೇಷ್ಟ್ರು, ಮುಖ ಎತ್ತದೆ. ರೋಮಿನಲ್ಲಿ ಒಬ್ಬ ದಳಪತಿ ಇದ್ದ. ಸಿಪಾಯಿಗಳ ಬೆನ್ನ ಮೇಲೆ ಬೆತ್ತ ಮುರಿಯೋ ತನಕ ಹೊಡೆದು, ಇನ್ನೊಂದು ತಾ ಅಂತ ಕೂಗೋನು. ಅವನಿಗೆ ಅದೇ ಅಡ್ಡಹೆಸರಾಯಿತು. ಕೊನೆಗೆ ದಂಗೆ ಎದ್ದಾಗ ಅವನನ್ನೇ ಕೊಂದುಹಾಕಿದರು. ಇಲ್ಲಿ ಸೂಪರ್‌ವೈಸರ್ ಸೀನು ಗಾರ್ಡುಗಳ ಬೆನ್ನಿಗೆ ಟಾರ್ಚಿನಿಂದ ಬಾರಿಸುತ್ತಿದ್ದ. ಒಂದು ಸಲ ಟಾರ್ಚು ಒಡೆದೇ ಹೋಯಿತು. ಅವತ್ತಿನಿಂದ ಅವರವರಲ್ಲಿ ಅವನ ಹೆಸರು ಅದು.

ಚೂಡಾಮಣಿಗೆ ಅಷ್ಟು ಸಾಕಾಯಿತು. ಬಸವಂತನೇ ಈ ಟೋನಿ ಅಂತ ಬರೆದುಕೊಟ್ಟ ಸೀನು, ಟೋನಿಯ ಹತ್ತಿರವೇ ಬಂದು ಬಸವಂತ ಎಲ್ಲಿ ಅಂತ ಕೇಳಿದ್ದ. ಎಂಥ ಭಂಡ. ಬಸವಂತನನ್ನು ಅವನೇಕೆ ಹುಡುಕುತ್ತಿದ್ದ ಅನ್ನೋದನ್ನು ಆಮೇಲೆ ಕೇಳಬಹುದು. ಮೊದಲು ಹೆಣ ಉಳಿಯಬೇಕು.

ಲಕ್ಕವ್ವನನ್ನು ಕರೆದುಕೊಂಡು ಆಟೋ ಹತ್ತಿದಳು. ಸಾರಕ್ಕಿ ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ, ಕೈವಾರದಿಂದ ಕೆರೆಯುವಂಥದ್ದು ಬೆಲ್ಟೇ ಇರಬೇಕು ಅನಿಸಿ ಚೂಡಾಮಣಿ ಕೇಳಿದಳು, ಗಂಡನ ಬೆಲ್ಟು ಹೇಗಿತ್ತಮ್ಮ, ಏನಾದರೂ ನೆನಪಿದೆಯಾ ಅಂತ.

ಲಕ್ಕವ್ವ ಸೆರಗಿನ ತುದಿ ಬೆರಳಿಗೆ ಸುತ್ತುತ್ತ ಹೇಳಿದಳು. ಬೆಲ್ಟು ಮೊದಲಿನವಂದು, ಅವ ದಪ್ಪನೆಯ ಆಳು ಇದ್ದನಂತೆ. ಇವನಿಗೆ ಸಡಿಲಾಗಿ ಪ್ಯಾಂಟು ನಿಲ್ಲುತ್ತಿರಲಿಲ್ಲ. ಅವಳೇ ಗ್ಯಾಸಿನ ಮೇಲೆ ಮೊಳೆ ಕಾಯಿಸಿ ತೂತು ಹಾಕಿದಳು. ಮೊದಲನೆಯದು ಸೊಟ್ಟಗೆ ಅಂಚಿಗೆ ಹೋಯಿತು, ಚರ್ಮ ಸುಟ್ಟು ಕರ್ರಗಾಯಿತು. ಎರಡನೆಯದು ಸರಿಯಾಯಿತು. ನೌಕರಿ ಹೋದರೆ ನಿನ್ನ ತಲೆ ಮೇಲೆ ಅಂತ ಅವನು ರೇಗಿಸಿದ್ದನಂತೆ. ಹೇಳುತ್ತ ಹೇಳುತ್ತ ಲಕ್ಕವ್ವ ಸ್ವಲ್ಪ ನಕ್ಕಳು. ಆಮೇಲೆ ಏನು ಹೇಳುತ್ತಿದ್ದೀನಿ, ಯಾಕೆ ಹೇಳುತ್ತಿದ್ದೀನಿ ಅನ್ನೋದು ಅವಳಿಗೇ ಹೊಳೆದು ಬಾಯಿ ಮುಚ್ಚಿಕೊಂಡಳು. ಪಾಪ, ಅಷ್ಟು ಹೊತ್ತೂ ಅವಳ ಮನಸ್ಸಿನ ಒಂದು ಮೂಲೆ, ಅದು ಅವನಲ್ಲ ಅಂತ ಗೊತ್ತಾಗಲಿ ಅಂತಲೇ ಕಾಯುತ್ತಿತ್ತು.

ಆಸ್ಪತ್ರೆಯ ಶವಾಗಾರ ಹಿಂಬದಿಯಲ್ಲಿತ್ತು. ಸಬ್ ಇನ್‌ಸ್ಪೆಕ್ಟರ್ ಮಯೂರ್ ಹೊರಗೆ ನಿಂತು ಫೋನ್ ನೋಡುತ್ತಿದ್ದ. ಚೂಡಾಮಣಿ ಸ್ಟೇಷನ್ನಿನಲ್ಲಿದ್ದಾಗ ಅವಳ ಕೈಕೆಳಗೆ ಕಡತ ಕಟ್ಟೋದು ಕಲಿತವನು. ಕೆಟ್ಟವನಲ್ಲ, ಆದರೆ ಫೈಲು ಬೇಗ ಮುಗಿದರೆ ಸಾಕು ಅನ್ನೋ ಜಾತಿ. ಕಾಲು ಜಾರಿ ಬಿದ್ದಿದ್ದಾನೆ, ಕಲ್ಲಿಗೆ ತಲೆ ಬಡಿದಿದೆ ಅಂತ ಆಗಲೇ ತೀರ್ಮಾನಿಸಿದ್ದ. ಬೆರಳಿನ ಗುರುತು ನೀರಲ್ಲಿ ನೆನೆದು ಹೋಗಿದೆ, ಡಿ.ಎನ್.ಎ. ಅಂದರೆ ವಾರಗಟ್ಟಲೆ, ಹೆತ್ತ ತಾಯಿಯೇ ಹೌದು ಅಂದಮೇಲೆ ಇನ್ನೇನು ಮೇಡಂ ಅಂತ ರಾಗ ಎಳೆದ.

ಬೆಲ್ಟು ತೋರಿಸು ಅಂದಳು ಚೂಡಾಮಣಿ.

ಹೆಣದ ಮೇಲೆ ಸಿಕ್ಕಿದ ವಸ್ತುಗಳ ಪಟ್ಟಿ ಓದಿಕೊಂಡೇ ಅವನು ಕವರು ಬಿಚ್ಚಿದ: ಬ್ಯಾಡ್ಜು, ಬೆಲ್ಟು, ಸೀಟಿ, ಒಂದು ಬೀಗದ ಕೈ. ಅಷ್ಟೇ. ಕಾನ್‌ಸ್ಟೇಬಲ್ ಬೆಲ್ಟನ್ನು ಮೇಜಿನ ಮೇಲೆ ಉದ್ದಕ್ಕೆ ಹಾಸಿದ. ಕಂಪನಿಯ ತೂತುಗಳಾದ ಮೇಲೆ, ನಾಲ್ಕು ಬೆರಳಿನಷ್ಟು ಒಳಗೆ, ಅಂಚಿಗೆ ಸೊಟ್ಟಗೆ ಸುಟ್ಟ ಒಂದು ತೂತು. ಅದರ ಪಕ್ಕ ಇನ್ನೊಂದು, ನೆಟ್ಟಗೆ. ಹೆಣದ ಸೊಂಟದಲ್ಲಿ ಬಕಲ್ಲು ಯಾವ ತೂತಿನಲ್ಲಿತ್ತು ಅಂತ ಪಂಚನಾಮೆಯ ಫೋಟೋದಲ್ಲಿ ನೋಡಿದರು. ನೆಟ್ಟಗಿದ್ದದ್ದರಲ್ಲೇ.

ಚೂಡಾಮಣಿ ಬೆಲ್ಟನ್ನು ಮಗುಚಿದಳು. ಒಳಮೈಯಲ್ಲಿ, ಬಕಲ್ಲಿನ ಹತ್ತಿರ, ಕೈವಾರದ ಮೊನೆಯಲ್ಲಿ ಕೆರೆದ ಎರಡು ಹೆಸರು. ಮೇಲೆ ಬಸವಂತ, ಕೆಳಗೆ ಮೌನೇಶ. ಎರಡೂ ಒಂದೇ ಕೈಯ ಅಕ್ಷರ. ಹೋದವನ ಹೆಸರನ್ನೂ ಬರೆದೇ ತನ್ನದು ಬರೆದುಕೊಂಡಿದ್ದ ಪುಣ್ಯಾತ್ಮ. ಚೂಡಾಮಣಿಗೆ ತನ್ನ ಸರ್ವೀಸಿನಲ್ಲಿ ಎಷ್ಟು ಕಡತಕ್ಕೆ ‘ಅನಾಥ ಶವ’ ಅಂತ ಬರೆದು ಮುಚ್ಚಿದ್ದಳೋ, ಅವೆಲ್ಲ ಒಟ್ಟಿಗೆ ನೆನಪಾದವು.

ಬಾಗಿಲಲ್ಲಿ ನಿಂತಿದ್ದ ಲಕ್ಕವ್ವನಿಗೆ ಓದು ಬರುತ್ತಿರಲಿಲ್ಲ. ಅವಳು ಹೆಸರು ನೋಡಲಿಲ್ಲ, ಸುಟ್ಟ ತೂತು ನೋಡಿದಳು. ಹತ್ತಿರ ಬಂದು ಅದರ ಮೇಲೆ ಬೆರಳಿಟ್ಟು, “ನಾನೇ ಹಾಕಿದ್ದು,” ಅಂದಳು. ಅಷ್ಟೇ ಅಂದು ಹೊರಗೆ ಹೋಗಿ ಹೊಂಗೆ ಮರದ ಕೆಳಗೆ ನೆಲಕ್ಕೆ ಕುಸಿದಳು.

ಮಯೂರನ ಮುಖ ಇಳಿದಿತ್ತು. ಆದರೂ ಕಾನೂನು ಹೇಳಿದ. ಬೆಲ್ಟು ಯಾರಾದರೂ ಕಟ್ಟಿಕೊಳ್ಳಬಹುದು ಮೇಡಂ, ಬಸವಂತ ತಿರುಗಿ ಬಂದು ಅದೇ ಯೂನಿಫಾರ್ಮು ಹಾಕಿಕೊಂಡಿರಬಹುದು ಅಂತ ಇನ್‌ಸ್ಪೆಕ್ಟರ್ ಕೇಳ್ತಾರೆ. ಆ ತಾಯಿ ತಾನಾಗಿ ಅಲ್ಲ ಅಂದರೆ ಮಾತ್ರ ನಾನು ತಡೀಬಲ್ಲೆ. ಇಲ್ಲದಿದ್ದರೆ ಎರಡು ಗಂಟೆಗೆ ಹೆಣ ಅವರದು.

ಗಂಟೆ ಒಂದೂವರೆಯಾಗಿತ್ತು.

ಶರಣಮ್ಮ ವರಾಂಡದ ಬೆಂಚಿನ ಮೇಲೆ ಕೂತಿದ್ದಳು. ಅರವತ್ತೈದು ದಾಟಿದ ಬಡಕಲು ಜೀವ, ಇಳಕಲ್ ಸೀರೆ, ತೊಡೆಯ ಮೇಲೊಂದು ಕೈಚೀಲ. ಚೀಲದ ಬಾಯಲ್ಲಿ ಹೊಸ ಬಿಳಿ ಧೋತರದ ಅಂಚು ಕಾಣುತ್ತಿತ್ತು. ಚೂಡಾಮಣಿ ಪಕ್ಕದಲ್ಲಿ ಕೂತಳು. ಸುತ್ತಿ ಬಳಸಿ ಮಾತಾಡೋ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

“ಅಮ್ಮಾ, ಒಳಗಿರೋದು ನಿಮ್ಮ ಮಗ ಅಲ್ಲ.”

ಮುದುಕಿ ತಲೆ ಎತ್ತಲಿಲ್ಲ. “ಗೊತ್ತದ,” ಅಂದಳು.

ಚೂಡಾಮಣಿ ಏನೇನೋ ಜವಾಬು ನಿರೀಕ್ಷಿಸಿದ್ದಳು, ಇದೊಂದನ್ನು ಬಿಟ್ಟು.

“ಮೊದಲ ಕಾಲು ನೋಡಿದೆ ನಾ. ನನ್ನ ಬಸುಗ ಸಣ್ಣಾಂವಿದ್ದಾಗ ಗಾಡಿ ಗಾಲಿ ಹಾದು ಎಡಗಾಲಾಗ ಎರಡು ಬೆರಳು ಹೋಗ್ಯಾವ. ಇವನಿಗಿ ಹತ್ತೂ ಅವ.”

“ಮತ್ತೆ ಯಾಕಮ್ಮ ನಿಮ್ಮ ಮಗ ಅಂತ ಹೇಳಿದ್ರಿ?”

ಶರಣಮ್ಮ ನಿಧಾನಕ್ಕೆ ಹೇಳಿದಳು, ನಡುನಡುವೆ ನಿಲ್ಲಿಸಿ. ನಾಲ್ಕು ವರ್ಷದ ಹಿಂದೆ ಮಗನ ಫೋನು ನಿಂತುಹೋಯಿತು. ಹದಿನೈದು ದಿನ ಕಾದು, ಪಕ್ಕದ ಮನೆಯವರಿಂದ ನಂಬರು ಒತ್ತಿಸಿದಳು. ಅದು ಗೇಟಿನ ಫೋನು, ಅಲ್ಲಿ ನಿಂತವರ ಕೈಯಲ್ಲೇ ಇರುವಂಥದ್ದು. ಅತ್ತ ಕಡೆ ಯಾರೋ, ಟೋನಿ ಮಾತಾಡ್ತೀನಿ ಅಂದ. ಮಗನಿಗೆ ಬೆಂಗಳೂರಲ್ಲಿಟ್ಟ ಆ ಹೆಸರು ಅವಳಿಗೆ ಗೊತ್ತಿತ್ತು. ಹಿಂದೆ ಮುಂದೆ ನೋಡದೆ, ಬಸೂ, ಊಟ ಮಾಡಿಯೇನೋ ಅಂತ ಅತ್ತುಬಿಟ್ಟಳು. ಅತ್ತ ಕಡೆ ಬಹಳ ಹೊತ್ತು ಮಾತಿಲ್ಲ. ಆಮೇಲೆ, ಹೂಂ ಯವ್ವಾ, ಮಾಡೀನಿ, ಅಂತ ದನಿ ಬಂತು.

ಅದು ಮಗನ ದನಿಯಲ್ಲ ಅಂತ ಆ ಗಳಿಗೆಯೇ ಗೊತ್ತಾಯಿತು. ಅವಳು ಹೇಳಲಿಲ್ಲ, ಅವನೂ ಹೇಳಲಿಲ್ಲ. ಅಲ್ಲಿಂದ ಪ್ರತಿ ಸೋಮವಾರ ಅವನೇ ಫೋನ್ ಮಾಡುತ್ತಿದ್ದ. ಮೊಣಕಾಲು ನೋವು ಹೇಗಿದೆ, ಗುಳಿಗೆ ತಗೊಂಡೆಯಾ, ಮಾಳಿಗೆ ಸೋರುತ್ತಾ ಅಂತ ಕೇಳುತ್ತಿದ್ದ. ಮದುವೆಯಾಗಿದೆ, ಹೆಂಡತಿ ಲಕ್ಕವ್ವ ರೊಟ್ಟಿ ಚೆನ್ನಾಗಿ ಬಡಿಯುತ್ತಾಳೆ ಅಂತ ಹೇಳಿದ್ದ. ಹನ್ನೆರಡು ದಿನದಿಂದ ಆ ಫೋನು ಬರಲಿಲ್ಲ.

“ಯಾರ ಮಗನೋ ಏನೋ ತಂಗೀ. ನಾಕು ವರ್ಷ ನನಗ ಯವ್ವಾ ಅಂದಾನ. ನಾ ಹಡೆದಾಂವ ಒಂದು ದಿನ ಅನ್ನಲಿಲ್ಲ.” ಅವಳು ಸೆರಗಿನಿಂದ ಬಾಯಿ ಒತ್ತಿಕೊಂಡಳು. “ಇವನಿಗಿ ಮಣ್ಣು ಕೊಡಾಕ ನನಗ ಹಕ್ಕಿಲ್ಲೇನು?”

ಚೂಡಾಮಣಿಗೆ ಕಣ್ಣು ತುಂಬಿತು. ಒರೆಸಿಕೊಳ್ಳಲೂ ಇಲ್ಲ. ಹಕ್ಕಿದೆ ಅಂತ ಹೇಳಬೇಕೆನಿಸಿತು. ಆದರೆ ಹೊಂಗೆ ಮರದ ಕೆಳಗೆ ಕೂತವಳ ಕಡೆ ಕೈ ತೋರಿಸಿದಳು. ಅವಳೇ ಲಕ್ಕವ್ವ, ಅವನ ಹೆಂಡತಿ. ನೀವು ಬಸವಂತ ಅಂತ ಸಹಿ ಹಾಕಿದರೆ ಮೌನೇಶ ಅನ್ನೋನು ಬದುಕಿಯೇ ಇರಲಿಲ್ಲ ಅಂತ ಆಗುತ್ತೆ. ಅವನ ತಲೆಗೆ ಹೊಡೆದವರನ್ನು ಹುಡುಕೋರೂ ಇರೋದಿಲ್ಲ. ಅವಳು ಜೀವಮಾನವೆಲ್ಲ ಬಾಗಿಲು ನೋಡಿಕೊಂಡು ಕೂರಬೇಕಾಗುತ್ತೆ, ನಿಮ್ಮ ಹಾಗೆ.

ಶರಣಮ್ಮ ಆ ಕಡೆ ನೋಡಿದಳು. ಚೀಲದಿಂದ ಧೋತರ ತೆಗೆದು ಚೂಡಾಮಣಿಯ ಮಡಿಲಿಗೆ ಹಾಕಿ, ಇದನ್ನ ಅಕಿಗಿ ಕೊಡು ಅಂದಳು. ಬೆಂಚಿನ ತುದಿ ಹಿಡಿದು ಏಳಲು ನೋಡಿದಳು. ಅರ್ಧ ಎದ್ದವಳು ಮತ್ತೆ ಕೂತುಬಿಟ್ಟಳು.

“ಆಗಂಗಿಲ್ಲ ತಂಗೀ. ನನ್ನ ಕೈಲಿ ಆಗಂಗಿಲ್ಲ.”

“ಯಾಕಮ್ಮ?”

“ಮೊನ್ನಿ ಪೊಲೀಸರು ಬಂದು ಹೇಳಿ ಹೋದ ಮ್ಯಾಲ ಫೋನ್ ಬಂತು. ಖರೆ ಬಸು. ನನ್ನ ಮಗನ ದನಿ ನನಗ ಗೊತ್ತಾಗಂಗಿಲ್ಲೇನು? ನಾಕು ವರ್ಷದ ಮ್ಯಾಲ ಯವ್ವಾ ಅಂದ.” ಅವಳು ಚೀಲದ ಹಿಡಿ ಹಿಡಿದುಕೊಂಡಳು. “ಬೆಂಗಳೂರಿಗಿ ಹೋಗು, ಅದು ನನ್ನ ಹೆಣ ಅಂತ ಹೇಳು ಅಂದ. ನಾ ಸತ್ತೀನಿ ಅಂತ ಬರಕೊಂಡ್ರ ನಾ ಬದುಕತೀನಿ ಯವ್ವಾ, ಅಂದ. ಮತ್ತೇನೂ ಹೇಳಲಿಲ್ಲ, ಇಟ್ಟುಬಿಟ್ಟ.”

ಬಸವಂತ ಬದುಕಿದ್ದಾನೆ. ಸೀನುಗೆ ಹೆದರಿ ಅಡಗಿದ್ದಾನೋ, ಇನ್ನೇನಕ್ಕೋ. ಚೂಡಾಮಣಿ ದನಿ ಆದಷ್ಟು ಮೆತ್ತಗೆ ಮಾಡಿಕೊಂಡಳು.

“ಯಾವ ನಂಬರಿಂದ ಬಂತಮ್ಮ ಆ ಫೋನು?”

ಮುದುಕಿ ಚೀಲ ತಡಕಿ ಬಟನ್ನಿನ ಸಣ್ಣ ಫೋನು ತೆಗೆದುಕೊಟ್ಟಳು. “ನಾಕು ವರ್ಷದಿಂದ ಬರತಿತ್ತಲ್ಲ, ಅದೇ ನಂಬರು. ಬಸು ಅಂತ ಪಕ್ಕದ ಮನಿಯಾಕಿ ಹೆಸರು ಹಾಕಿಕೊಟ್ಟಾಳ.”

ಚೂಡಾಮಣಿ ಪರದೆ ನೋಡಿದಳು. ಗೇಟಿನ ನಂಬರೇ. ಹಗಲೂ ರಾತ್ರಿ ಮೌನೇಶನ ಜೇಬಿನಲ್ಲಿರುತ್ತಿದ್ದ ಫೋನು. ಮಯೂರ್ ಓದಿದ ಪಟ್ಟಿಯಲ್ಲಿ ಬ್ಯಾಡ್ಜಿತ್ತು, ಬೆಲ್ಟಿತ್ತು, ಸೀಟಿ ಇತ್ತು, ಬೀಗದ ಕೈ ಇತ್ತು. ಫೋನಿರಲಿಲ್ಲ. ಕೆರೆಯ ದಂಡೆಯಲ್ಲಿ ಮೌನೇಶನ ಜೇಬಿಗೆ ಕೈ ಹಾಕಿದವರ ಹತ್ತಿರ ಅದು ಇರಬೇಕಿತ್ತು. ಅದರಲ್ಲಿ ಮಾತಾಡಿದವನು ಬಸವಂತ.

ಮೂವತ್ತೊಂದು ವರ್ಷ ಯಾರ ಎದುರಿಗೂ ಮನಸ್ಸಿನದನ್ನು ಮುಖದಲ್ಲಿ ತೋರಿಸಿಕೊಂಡವಳಲ್ಲ. ಇವತ್ತು ಆಗಲಿಲ್ಲ. ಶರಣಮ್ಮ ಆ ಮುಖವನ್ನೇ ನೋಡುತ್ತಿದ್ದಳು.

“ನಾ ಈಗ ಏನಂದೆ ತಂಗೀ?” ಅಂತ ಕೇಳಿದಳು.

ಮುದುಕಿ ಕೈ ಚಾಚಿ ಫೋನನ್ನು ವಾಪಸ್ ತೆಗೆದುಕೊಂಡಳು. ಅದನ್ನು ಎರಡೂ ಕೈಯಲ್ಲಿ ಮುಚ್ಚಿ ಎದೆಗೆ ಒತ್ತಿ ಹಿಡಿದಳು.

ಒಳಗಿಂದ ಅಟೆಂಡರ್ ಕಾಗದ ಹಿಡಿದು ಬಾಗಿಲಿಗೆ ಬಂದ. “ಟೋನಿ ಕಡೆಯವರು ಯಾರು? ಬಂದು ಸಹಿ ಹಾಕಿ.”

ಹೊಂ​ಗೆ ಮರದ ಕೆಳಗಿಂದ ಲಕ್ಕವ್ವ ಎದ್ದಳು. ಬೆಂಚಿನ ಮೇಲಿಂದ ಶರಣಮ್ಮನೂ ಎದ್ದಳು.